ಎಡಕ್ಕೊಂದು ಅಳತೆ, ಬಲಕ್ಕೊಂದು ಅಳತೆ

ಗುಂಡಿಯ ಕಾಜಾ ಹೊಲಿಯುತ್ತಿದ್ದ ಸೂಜಿಯನ್ನು ಬಟ್ಟೆಗೇ ಚುಚ್ಚಿಟ್ಟು, ಫೋನನ್ನು ಕಣ್ಣಿನಿಂದ ಒಂದು ಮೊಳ ದೂರ ಹಿಡಿದು, ಅವಳು ಪಟ್ಟಿಯನ್ನು ಮತ್ತೆ ಮೇಲಿನಿಂದ ಓದಿದಳು. ದ್ವೀಪಕ್ಕೆ ಹೊರಡಲು ಇನ್ನೂ ಹನ್ನೆರಡು ದಿನ ಇತ್ತು. ತಂಗಿ ಆಗಲೇ ಯಾರು ಏನು ತರಬೇಕು, ಏನು ತೊಡಬೇಕು, ಏನನ್ನು ಮನೆಯಲ್ಲೇ ಬಿಟ್ಟು ಬರಬೇಕು ಎಂದು ಅಂಕಿ ಹಾಕಿ ಬರೆದು ಕಳಿಸಿದ್ದಳು. ತೆಳು ಹತ್ತಿಯ ಅಂಗಿ ತಲಾ ನಾಲ್ಕು, ಅದಕ್ಕಿಂತ ಹೆಚ್ಚು ಬೇಡ. ಜೀನ್ಸ್ ಬೇಡ, ಒದ್ದೆಯಾದರೆ ಎರಡು ದಿನ ಒಣಗುವುದಿಲ್ಲ. ಚರ್ಮದ ಬೂಟು ಬೇಡವೇ ಬೇಡ, ಭಾವ ಗಮನಿಸಬೇಕು. ರಬ್ಬರ್ ಚಪ್ಪಲಿ, ಬಿಸಿಲಿನ ಕ್ರೀಮು, ಸೊಳ್ಳೆಯ ಕ್ರೀಮು, ಮಡಚಿದರೆ ಅಂಗೈಯಲ್ಲಿ ಹಿಡಿಸುವಂಥ ಮಳೆಯಂಗಿ, ಒದ್ದೆ ಬಟ್ಟೆಗೊಂದು ಪ್ಲಾಸ್ಟಿಕ್ ಚೀಲ. ಈಜುಡುಪು: ನನಗೆ ಎರಡು, ಅಕ್ಕನ ಮಗಳಿಗೆ ಎರಡು. ಎಲ್ಲ ಮುಗಿದ ಮೇಲೆ ‘ಅಕ್ಕ’ ಎಂದು ಬೇರೆಯೇ ತಲೆಬರಹ. ಅಗಲ ಅಂಚಿನ ಟೋಪಿ, ತುಂಬು ತೋಳಿನ ಸಡಿಲ ಅಂಗಿ, ಓದಲು ದಪ್ಪನೆಯ ಪುಸ್ತಕ, ದಡದಲ್ಲಿ ಕೂರಲು ಮಡಚುವ ಕುರ್ಚಿ. ಕುರ್ಚಿ ನಾನೇ ತರುತ್ತೇನೆ.

“ಏನಮ್ಮಾ, ಚಿಕ್ಕಮ್ಮನ ಸುತ್ತೋಲೆ ಬಂತಾ?” ಎಂದಳು ಮಗಳು. ರಜೆಯ ದಿನವಾದ್ದರಿಂದ ಅಮ್ಮನ ಅಂಗಡಿಯಲ್ಲಿ ಕೂತು, ಹೊಲಿದು ಮುಗಿದ ನರ್ಸುಗಳ ಕೋಟುಗಳಿಂದ ದಾರದ ತುದಿ ಕತ್ತರಿಸುತ್ತಿದ್ದಳು.

“ಬಂತು. ನನ್ನನ್ನ ಕುರ್ಚಿ ಡ್ಯೂಟಿಗೆ ಹಾಕಿದಾಳೆ.”

ತಂಗಿ ಮುಖ್ಯೋಪಾಧ್ಯಾಯಿನಿ. ಮೂವತ್ತೈದು ವರ್ಷ ಗಂಟೆ ಹೊಡೆಸಿ ಹೊಡೆಸಿ ಮನೆಯವರಿಗೂ ಅವಳು ‘ಮೇಡಂ’ ಆಗಿಹೋಗಿದ್ದಳು. ಈ ವರ್ಷ ನಿವೃತ್ತಿ. ಆ ಸಂತೋಷಕ್ಕೆ ಅಕ್ಕ, ಭಾವ, ಅಕ್ಕನ ಮಗಳು ಮೂವರನ್ನೂ ಕಟ್ಟಿಕೊಂಡು ನಾಲ್ಕು ದಿನ ಸಮುದ್ರ ನೋಡಿ ಬರುವುದೆಂದು ಅವಳೇ ತೀರ್ಮಾನಿಸಿ, ಅವಳೇ ಕೋಣೆ ಗೊತ್ತು ಮಾಡಿದ್ದಳು. ಅವಳ ತೀರ್ಮಾನಕ್ಕೆ ಎದುರಾಡುವ ಗಂಡಸು ಆ ಮನೆತನದಲ್ಲಿ ಇನ್ನೂ ಹುಟ್ಟಿರಲಿಲ್ಲ.

ಅಕ್ಕ ದರ್ಜಿ. ಶಾಲೆಯ, ಆಸ್ಪತ್ರೆಯ, ಬೇಕರಿಯ ಸಮವಸ್ತ್ರಗಳನ್ನು ಹೊಲಿಯುತ್ತ ನಲವತ್ತು ವರ್ಷ ಕಳೆದವಳು. ರಸ್ತೆಯ ಆಚೆ ಬದಿಯಲ್ಲಿ ನಡೆದುಹೋಗುವವರ ಸೊಂಟವನ್ನು ಅರ್ಧ ಇಂಚೂ ತಪ್ಪದೆ ಹೇಳಬಲ್ಲ ಅವಳನ್ನು ಬೀದಿಯವರೆಲ್ಲ ಅಳತೆಯಮ್ಮ ಎನ್ನುತ್ತಿದ್ದರು. ಎರಡು ವರ್ಷದ ಕೆಳಗೆ ಗಡ್ಡೆ ಕಾಣಿಸಿ ಎಡ ಮೊಲೆಯನ್ನು ತೆಗೆದಿದ್ದರು. ಕೂದಲು ಉದುರಿತು, ಮತ್ತೆ ಬಂತು. ತೂಕ ಇಳಿಯಿತು, ಮತ್ತೆ ಬಂತು. ಅಳತೆಯಮ್ಮ ಅಂಗಡಿಯ ಬಾಗಿಲು ತೆರೆದು ಮೊದಲಿನ ಹಾಗೇ ಕೂತಳು. ಆದರೆ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿಸಿಕೊಂಡು ಬಾಟಲಿಯ ಹನಿ ನೋಡುತ್ತ ಮಲಗಿದ್ದ ದಿನಗಳಲ್ಲಿ ಅವಳು ಮನಸ್ಸಿನಲ್ಲಿ ಒಂದು ಆಸೆ ಇಟ್ಟುಕೊಂಡಿದ್ದಳು. ಎದ್ದರೆ ಒಂದು ಸಲ ಸಮುದ್ರದಲ್ಲಿ ಈಜಬೇಕು. ಹುಡುಗಿಯಾಗಿದ್ದಾಗ ಕಲ್ಲುಗಣಿಯ ಹೊಂಡದಲ್ಲಿ ಗಂಟೆಗಟ್ಟಲೆ ಬಿದ್ದಿರುತ್ತಿದ್ದವಳು ಅವಳು. ಮದುವೆಯಾಯಿತು, ಮಶಿನ್ನು ಬಂತು, ಮಗಳು ಬಂದಳು. ಆಮೇಲೆ ಎಲ್ಲಿಗೆ ಹೋದರೂ ಎಲ್ಲರ ಬ್ಯಾಗು, ಎಲ್ಲರ ಚಪ್ಪಲಿ ಕಾಯುತ್ತ ಕೂರುವ ಕೆಲಸ ಅವಳ ಪಾಲಿಗೆ ಬಂದುಬಿಟ್ಟಿತ್ತು. ಯಾರೂ ಹೊರಿಸಿದ್ದಲ್ಲ. ಯಾರೋ ಒಬ್ಬರು ಕೂರಬೇಕಲ್ಲ ಎಂದು ಅವಳೇ ಕೂತಿದ್ದು.

ಅವಳು ತಂಗಿಗೆ ಫೋನು ಮಾಡಿದಳು.

“ಮೇಡಂ, ನಂಗ್ಯಾಕೆ ಈಜುಡುಪು ಬರ್ದಿಲ್ಲ?”

“ನಿಂಗ್ಯಾಕೆ ಅಕ್ಕಾ ಅದೆಲ್ಲ? ನೆರಳಲ್ಲಿ ಆರಾಮಾಗಿ ಕೂತ್ಕೋ. ಸಾಮಾನು ನೋಡ್ಕೊಳ್ಳೋಕೂ ಒಬ್ರು ಬೇಕಲ್ಲ.”

“ಈಜಬಹುದು ಅಂತ ಡಾಕ್ಟ್ರು ಹೇಳಿದಾರೆ.”

“ಡಾಕ್ಟ್ರು ಹೇಳ್ತಾರೆ. ಜನ ಹಂಗೆ ಹೇಳಲ್ವಲ್ಲ,” ಎಂದಳು ತಂಗಿ. “ಬೇಡ ಅಕ್ಕಾ, ನನ್ ಮಾತು ಕೇಳು,” ಎಂದು ಇಟ್ಟುಬಿಟ್ಟಳು.

ಅಳತೆಯಮ್ಮನಿಗೆ ಮೈಯೆಲ್ಲ ಉರಿಯಿತು. ಮರುದಿನವೇ ಮಗಳನ್ನು ಕರೆದುಕೊಂಡು ಪೇಟೆಯ ದೊಡ್ಡ ಅಂಗಡಿಗೆ ಹೋದಳು. ಗೋಡೆಯುದ್ದಕ್ಕೂ ಈಜುಡುಪುಗಳು ನೇತಾಡುತ್ತಿದ್ದವು. ಹೂವಿನವು, ಪಟ್ಟೆಯವು, ಬೆನ್ನೇ ಇಲ್ಲದವು, ಬಟ್ಟೆಯೇ ಇಲ್ಲದವು ಎಂದರೂ ಸುಳ್ಳಲ್ಲ. ಒಂದಕ್ಕಾದರೂ ಎದೆ ಒಂದೇ ಕಡೆ ಇರಲಿಲ್ಲ. ಮಾರುವ ಹುಡುಗಿ ಒಳ್ಳೆಯವಳು, ಎಡಗಡೆಗೆ ತುರುಕಿಕೊಳ್ಳಲು ಸ್ಪಂಜಿನ ಮೆತ್ತೆಯೊಂದನ್ನು ಹುಡುಕಿ ತಂದುಕೊಟ್ಟಳು. ಅಳತೆಯಮ್ಮ ಪರದೆಯ ಹಿಂದೆ ಅದನ್ನು ತೊಟ್ಟು, ಈಜುವವರಂತೆ ಎರಡು ಸಲ ಕೈ ಬೀಸಿದಳು. ಮೆತ್ತೆ ನಿಧಾನವಾಗಿ ಮೇಲಕ್ಕೆ ಹತ್ತಿ ಕುತ್ತಿಗೆಯ ಹತ್ತಿರ ಬಂದು ಇಣುಕಿತು.

“ಇದು ನಂಗಿಂತ ಮೊದ್ಲು ದಡ ಸೇರತ್ತೆ,” ಎಂದು ಅವಳು ಹೇಳಿದಾಗ ಮಗಳು ನಕ್ಕಳು, ಅವಳೂ ನಕ್ಕಳು. ಆಮೇಲೆ ಕನ್ನಡಿಯ ಕಡೆ ಬೆನ್ನು ಹಾಕಿ ಬಟ್ಟೆ ಬದಲಿಸುವಾಗ ಅಳು ಬಂತು. ಯಾರದೋ ಎದೆಯನ್ನು ಎರವಲು ಪಡೆದು ನೀರಿಗಿಳಿಯುವುದು ಅವಳಿಗೆ ಬೇಕಿರಲಿಲ್ಲ.

“ನಾನೇ ಹೊಲೀತೀನಿ,” ಎಂದಳು ಹೊರಗೆ ಬಂದು, ಮೂಗು ಒರೆಸಿಕೊಳ್ಳುತ್ತ.

ಬಟ್ಟೆ ಅಂಗಡಿಯವನು ಎಳೆದರೆ ಹಿಗ್ಗುವ ಬಟ್ಟೆಯಲ್ಲಿ ಕಪ್ಪನ್ನು ತೆಗೆದು ಹಾಸಿ, “ಈ ವಯಸ್ಸಿಗೆ ಇದೇ ಸರಿ, ಎದ್ದು ಕಾಣಲ್ಲ,” ಎಂದ. ನಲವತ್ತು ವರ್ಷ ಬಿಳಿ, ಬೂದು, ಕಡುನೀಲಿಗಳ ನಡುವೆ ಕಣ್ಣು ಸವೆಸಿದ್ದ ಅಳತೆಯಮ್ಮ ಅವನ ತಲೆಯ ಮೇಲಿನ ಹಲಗೆಗೆ ಬೆರಳು ತೋರಿಸಿದಳು. ಅಲ್ಲಿ ಹಣ್ಣು ಮೆಣಸಿನಕಾಯಿಯ ಕೆಂಪು ಇತ್ತು. ಎದ್ದು ಕಾಣುವಂಥದ್ದು.

ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿಕೊಂಡು ಕೂತಳು. ಹಿಗ್ಗುವ ಬಟ್ಟೆ ಅವಳ ಹಳೆಯ ಮಶಿನ್ನಿಗೆ ಹೊಸತು. ಮೊದಲೆರಡು ಸಾಲು ಹೊಲಿಗೆ ಬಿಟ್ಟುಬಿಟ್ಟು ಬಿತ್ತು. ಮೊಂಡು ತುದಿಯ ಸೂಜಿ ಹಾಕಿ, ದಾರದ ಬಿಗಿ ಸಡಿಲಿಸಿ, ಚಿಂದಿಯ ಮೇಲೆ ಓಡಿಸಿ ಓಡಿಸಿ ಕೊನೆಗೆ ಮಶಿನ್ನನ್ನು ದಾರಿಗೆ ತಂದಳು. ಎದೆಯ ಸುತ್ತ ಟೇಪು ಹಾಕಿ ಅಳತೆ ತೆಗೆದಳು. ಬಟ್ಟೆಯನ್ನು ನಡುವೆ ಮಡಚಿ, ಅಳತೆಯ ಅರ್ಧಕ್ಕೆ ಗುರುತು ಹಾಕಿ, ಎರಡು ಪದರವನ್ನೂ ಒಟ್ಟಿಗೆ ಕತ್ತರಿಸಿದಳು. ಒಳಗೆ ಎರಡು ಬೆರಳು ಹೆಚ್ಚು ಬಟ್ಟೆಯನ್ನೂ ಬಿಟ್ಟಳು, ಬೆಳೆಯುವ ಮಕ್ಕಳ ಅಂಗಿಗೆ ಬಿಡುವ ಹಾಗೆ. ಅರವತ್ತೆರಡರಲ್ಲಿ ತಾನೆಲ್ಲಿಗೆ ಬೆಳೆಯಬೇಕು ಎಂದು ಅವಳಿಗೆ ಹೊಳೆಯಲೇ ಇಲ್ಲ. ಕೈ ತನ್ನ ಪಾಡಿಗೆ ತನ್ನ ಕೆಲಸ ಮಾಡಿತು.

ಹೊಲಿದು ಮುಗಿಸಿ ತೊಟ್ಟು ನಿಂತಾಗ ಬಲಗಡೆ ಉಸಿರು ಕಟ್ಟುವಷ್ಟು ಬಿಗಿ. ಎಡಗಡೆ ಜೋಲು. ಖಾಲಿ ಜೇಬಿನಂತೆ ಇಳಿಬಿದ್ದ ಬಟ್ಟೆಯನ್ನು ನೋಡುತ್ತ ಅವಳು ಸ್ಟೂಲಿನ ಮೇಲೆ ಕುಸಿದಳು. ಊರಿಗೆಲ್ಲ ಅಳತೆ ಹೇಳುವವಳಿಗೆ ತನ್ನದೇ ಗೊತ್ತಾಗಲಿಲ್ಲವಲ್ಲ ಎಂದು ನಾಚಿಕೆಯಾಯಿತು. ತಂಗಿ ಹೇಳಿದ್ದೇ ಸರಿಯೇನೋ, ಕುರ್ಚಿಯಲ್ಲೇ ಕೂತರೆ ಯಾವ ರಗಳೆಯೂ ಇಲ್ಲ.

ಬಾಗಿಲು ತಳ್ಳಿಕೊಂಡು ಬಂದದ್ದು ಗಂಡ. ಬಡಗಿ. ಅಡುಗೆಮನೆಗಳಿಗೆ ಕಪಾಟು ಕೂರಿಸುವುದರಲ್ಲಿ ಎತ್ತಿದ ಕೈ. ತನ್ನ ಕಾಲುಚೀಲ ಎಲ್ಲಿದೆ ಎಂದು ಕೇಳಲು ಬಂದವನು ಹೆಂಡತಿಯ ವೇಷ ನೋಡಿ ಕಾಲುಚೀಲ ಮರೆತ.

“ನೋಡಿ ನಗ್ಬೇಡಿ ರೀ,” ಎಂದಳು ಅವಳು, ಎದೆಗೆ ಕೈ ಅಡ್ಡ ಹಿಡಿದು.

ಅವನು ನಗಲಿಲ್ಲ. ಹತ್ತಿರ ಬಂದು, ಕನ್ನಡಕ ಏರಿಸಿ, ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಯಾರದೋ ಮನೆಯ ಗೋಡೆ ನೋಡಿದ ಹಾಗೆ ನೋಡಿದ. “ಹೆಂಗೆ ಕತ್ತರಿಸಿದೆ?”

“ಹೆಂಗೆ ಅಂದ್ರೆ? ಸುತ್ತಳತೆ ತಗೊಂಡು, ಮಡಚಿ, ಅರ್ಧ ಮಾಡಿ.”

“ಮಡಚಿದ್ಯಾ?” ಎಂದ ಅವನು, ಮಹಾಪರಾಧ ಕೇಳಿದವನಂತೆ. “ಯಾವ್ ಗೋಡೆ ಎರಡೂ ಕಡೆ ಒಂದೇ ಇರತ್ತೆ ಮಾರಾಯ್ತಿ? ನಾನೇನಾದ್ರೂ ಹಂಗೆ ಕಪಾಟು ಮಾಡಿದ್ರೆ ಇಷ್ಟೊತ್ತಿಗೆ ಊರು ಬಿಡ್ಬೇಕಿತ್ತು. ನಡುವೆ ಒಂದು ಗೆರೆ ಎಳಿ. ಗೆರೆಯಿಂದ ಈ ಕಡೆ ಎಷ್ಟು, ಆ ಕಡೆ ಎಷ್ಟು, ಬೇರೆಬೇರೆ ತಗೋ. ಕೊಡು ಟೇಪು.”

ನಲವತ್ತು ವರ್ಷದಿಂದ ಬಟ್ಟೆಯನ್ನು ಮಡಚದೆ ಅವಳು ಕತ್ತರಿ ಹಿಡಿದದ್ದೇ ಇರಲಿಲ್ಲ. ದೇಹವೆಂದರೆ ಎರಡು ಸಮಭಾಗ, ಅರ್ಧ ಗೊತ್ತಾದರೆ ಪೂರ್ತಿ ಗೊತ್ತಾದಂತೆ. ಕಸುಬು ಅವಳಿಗೆ ಕಲಿಸಿದ್ದೇ ಹಾಗೆ.

ಬಡಗಿ ಟೇಪನ್ನು ತಲೆಕೆಳಗಾಗಿ ಹಿಡಿದು ಮೊದಲು ಐವತ್ತಾರು ಎಂದ. ಬೈಸಿಕೊಂಡು ಸರಿಯಾಗಿ ಹಿಡಿದ. ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದು ಅವಳ ಕೈಗೆ ಕೊಟ್ಟ. ಎದೆಯ ನಡುವಿನಿಂದ ಬಲಕ್ಕೆ, ಎದೆಯ ನಡುವಿನಿಂದ ಎಡಕ್ಕೆ, ಭುಜದಿಂದ ಕೆಳಕ್ಕೆ ಒಂದೊಂದು ಕಡೆ ಒಂದೊಂದು ಸಲ. ಅವಳು ಉಡುಪನ್ನು ಎಡ ಭುಜದಿಂದ ಕೆಳಗಿಳಿಸಿದಳು. ಗಾಯದ ಗುರುತು ಕಂಕುಳವರೆಗೆ ಹೋಗಿತ್ತು. ಅದರ ಉದ್ದಕ್ಕೂ ಅವನು ಟೇಪು ಇಟ್ಟ. ಎರಡು ವರ್ಷದಲ್ಲಿ ಅವನು ಆ ಜಾಗವನ್ನು ಹಗಲ ಬೆಳಕಿನಲ್ಲಿ ನೋಡಿದ್ದು ಅದೇ ಮೊದಲು. ಅವಳು ತೋರಿಸಿದ್ದೂ ಅದೇ ಮೊದಲು.

“ಇಲ್ಲಿ ಅಂಚು ಉಜ್ಜತ್ತೆ. ಸ್ವಲ್ಪ ಮೇಲಕ್ಕೆ ತಗೋ,” ಎಂದ. “ಬರ್ಕೊಂಡ್ಯಾ?”

“ಬರ್ಕೊಂಡೆ,” ಎಂದಳು. ಅವನು ಕಾಲುಚೀಲದ ವಿಷಯ ತೆಗೆದ.

ಉಳಿದ ಬಟ್ಟೆ ಇನ್ನೊಂದು ಉಡುಪಿಗೆ ಮಾತ್ರ ಸಾಕಾಗುವಷ್ಟಿತ್ತು. ಅವಳು ಅದನ್ನು ಮೇಜಿನ ಮೇಲೆ ಪೂರ್ತಿ ಬಿಡಿಸಿ ಹಾಸಿದಳು. ಎಡಕ್ಕೊಂದು ಗೆರೆ, ಬಲಕ್ಕೊಂದು ಗೆರೆ. ಒಂದಕ್ಕೊಂದು ಹೋಲದ ಆ ಎರಡು ಗೆರೆಗಳನ್ನು ನೋಡಿದರೆ ಯಾರೋ ಕಲಿಯುವ ಹುಡುಗಿ ತಪ್ಪು ಹಾಕಿದ ಹಾಗಿತ್ತು. ಕತ್ತರಿ ಇಡುವ ಮೊದಲು ಎರಡು ಲೋಟ ನೀರು ಕುಡಿದಳು. ಸಂಜೆ ದೀಪ ಹಾಕುವ ಹೊತ್ತಿಗೆ ತೊಟ್ಟು ಕನ್ನಡಿಯ ಮುಂದೆ ನಿಂತಳು, ಈ ಸಲ ಮುಖ ಮಾಡಿ. ಬಲಗಡೆ ದುಂಡಗೆ, ಎಡಗಡೆ ಚಪ್ಪಟೆಯಾಗಿ, ಎಲ್ಲೂ ಒಂದು ಸುಕ್ಕಿಲ್ಲದೆ ಕೂತಿತ್ತು. ಮೆತ್ತೆ ಇಲ್ಲ, ಮುಚ್ಚುಮರೆ ಇಲ್ಲ. ಕೈ ಬೀಸಿದಳು, ಬಗ್ಗಿದಳು, ಕುಕ್ಕರುಗಾಲಲ್ಲಿ ಕೂತು ಎದ್ದಳು. ಉಡುಪು ಮೈ ಬಿಟ್ಟು ಅಲುಗಲಿಲ್ಲ. ತಾನು ಹೊಲಿದ ಸಾವಿರಾರು ಬಟ್ಟೆಗಳಲ್ಲಿ ಇಷ್ಟು ಚೆನ್ನಾಗಿ ಕೂತದ್ದು ಇನ್ನೊಂದಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ಯಾರೂ ಇಲ್ಲದ ಅಂಗಡಿಯಲ್ಲಿ ಜೋರಾಗಿ, “ಭೇಷ್!” ಎಂದಳು.

ಹೊರಡುವ ಹಿಂದಿನ ದಿನ ಮೇಡಂ ಬ್ಯಾಗುಗಳ ತಪಾಸಣೆಗೆ ಬಂದಳು. ಭಾವನ ಬ್ಯಾಗಿನ ತಳದಿಂದ ಚರ್ಮದ ಬೂಟುಗಳು, ಒಂದು ಸುತ್ತಿಗೆ ಮತ್ತು ಮೂಲೆಮಟ್ಟ ಹೊರಬಂದವು.

“ಭಾವಾ, ಸುತ್ತಿಗೆ ಯಾಕೆ?”

“ಹೋದ ಕಡೆ ಬಾಗಿಲು ಸರಿಯಿಲ್ದಿದ್ರೆ?”

ಮೂರನ್ನೂ ಮುಟ್ಟುಗೋಲು ಹಾಕಿಕೊಂಡು, ಅಕ್ಕನ ಬ್ಯಾಗಿನ ಕಡೆ ತಿರುಗಿದಳು. ಟೋಪಿ, ಸಡಿಲ ಅಂಗಿ, ದಪ್ಪನೆಯ ಪುಸ್ತಕ, ಎಲ್ಲ ಪಟ್ಟಿಯಲ್ಲಿದ್ದಂತೆ. ಮಳೆಯಂಗಿಯನ್ನು ಬಿಡಿಸಿ ನೋಡಬೇಕೆಂದು ಅವಳಿಗೆ ತೋಚಲಿಲ್ಲ. ತೋಚಿದ್ದರೆ ಅದರೊಳಗಿನ ಕೆಂಪು ಹೊರಬೀಳುತ್ತಿತ್ತು. “ನೋಡಿ, ಅಕ್ಕನ್ನ ನೋಡಿ ಕಲೀರಿ,” ಎಂದು ಹೇಳಿ ಹೋದಳು. ಮಗಳು ದಿಂಬಿನಲ್ಲಿ ಮುಖ ಹುದುಗಿಸಿ ನಕ್ಕಳು.

ದೋಣಿಯಿಂದ ಇಳಿದ ಮರುದಿನ ಬೆಳಿಗ್ಗೆ ನಾಲ್ವರೂ ನೀರಿನ ಹತ್ತಿರ ಬಂದರು. ಮರಳು ಆಗಲೇ ಕಾದಿತ್ತು. ಅಲ್ಲಿದ್ದವರು ಏನು ಬೇಕಾದರೂ ತೊಟ್ಟಿದ್ದರು. ಬೊಜ್ಜು ಬಿಟ್ಟುಕೊಂಡು ಚಡ್ಡಿಯಲ್ಲಿ ಓಡಾಡುವ ಮುದುಕರು, ಹೂವಿನ ಅಂಗಿಯ ಯುವಕರು, ಮೈಗೊಂದು ಬಟ್ಟೆ ಸುತ್ತಿಕೊಂಡ ಹೆಂಗಸರು. ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟಿದ್ದವನು ಬಡಗಿ ಒಬ್ಬನೇ. ಮೇಡಂ ನೀಲಿ ಈಜುಡುಪಿನ ಮೇಲೆ ಟವೆಲು ಹೊದ್ದು, ಛತ್ರಿಯ ನೆರಳು ನೋಡಿ ಕುರ್ಚಿಯನ್ನು ಬಿಡಿಸಿಟ್ಟು, “ಬಾ ಅಕ್ಕಾ, ಇಲ್ಲಿ ಗಾಳಿ ಚೆನ್ನಾಗಿದೆ,” ಎಂದಳು.

ಅಕ್ಕ ಸಡಿಲ ಅಂಗಿಯ ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಬಿಚ್ಚಿ, ಅಂಗಿಯನ್ನು ಕುರ್ಚಿಯ ಮೇಲೆ ಹಾಕಿದಳು.

ಮೇಡಂಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಓಡಿಬಂದು ತನ್ನ ಟವೆಲನ್ನು ಅಕ್ಕನ ಮೈಗೆ ಸುತ್ತಿ ಗಟ್ಟಿಯಾಗಿ ಹಿಡಿದುಕೊಂಡಳು. “ಏನಿದು ಅಕ್ಕಾ! ಎಲ್ಲ ನೋಡ್ತಿದಾರೆ!”

“ನೋಡ್ಲಿ ಬಿಡೇ.”

“ನಿಂಗೊತ್ತಿಲ್ಲ.” ಶಾಲೆಯಲ್ಲಿ ಯಾರೂ ಕೇಳಿರದ ಮೇಡಂನ ದನಿ ಅದು. “ಆಸ್ಪತ್ರೇಲಿ ಗಾಯದ ಪಟ್ಟಿ ಬಿಚ್ಚಿದಾಗ ನಾನಿದ್ದೆ. ನೀನು ಆ ಕಡೆ ತಿರುಗಿದ್ದೆ, ನಾನು ನೋಡ್ದೆ. ಇವತ್ತಿಗೂ ಕಣ್ಮುಚ್ಚಿದ್ರೆ ಅದೇ ಬರತ್ತೆ. ನಿನ್ನ ಯಾರಾದ್ರೂ ಒಂದು ಥರ ನೋಡಿದ್ರೆ ನಂಗೆ ತಡ್ಕೊಳ್ಳೋಕಾಗಲ್ಲ ಕಣೇ.”

ಅಕ್ಕನಿಗೆ ಆಗ ಗೊತ್ತಾಯಿತು. ಕುರ್ಚಿ, ಟೋಪಿ, ತುಂಬು ತೋಳಿನ ಅಂಗಿ ಎಲ್ಲವನ್ನೂ ಈ ಹೆಣ್ಣು ತನ್ನ ಹೆದರಿಕೆಗಾಗಿ ಪಟ್ಟಿಗೆ ಸೇರಿಸಿದ್ದಳು. ಇಷ್ಟು ದಿನದ ಸಿಟ್ಟು ಅಷ್ಟು ಹೊತ್ತಿಗೇ ಇಳಿದುಹೋಯಿತು. ಹಾಗೆಂದು ಅವಳು ಕುರ್ಚಿಯ ಕಡೆ ಹೋಗಲಿಲ್ಲ.

“ಆವತ್ತು ನೋಡಿದ್ದು ಹಸಿ ಗಾಯ,” ಎಂದಳು, ತಂಗಿಯ ಬೆರಳುಗಳನ್ನು ಟವೆಲಿನಿಂದ ಒಂದೊಂದಾಗಿ ಬಿಡಿಸುತ್ತ. “ಅದು ಮಾಗಿ ಎಷ್ಟೋ ದಿನ ಆಯ್ತು. ನೀನು ಇನ್ನೂ ಅಲ್ಲೇ ಕೂತಿದೀಯ. ಈಗ ಕಣ್ಣು ಬಿಟ್ಟು ಸರಿಯಾಗಿ ನೋಡು.”

ಟವೆಲು ಮರಳಿಗೆ ಬಿತ್ತು. ಅವಳು ಕೈ ಅಗಲಿಸಿ ನಿಧಾನವಾಗಿ ಒಂದು ಸುತ್ತು ತಿರುಗಿದಳು. ಬಿಸಿಲಿನಲ್ಲಿ ಆ ಕೆಂಪು ದಡಕ್ಕೆಲ್ಲ ಕಾಣಿಸುತ್ತಿತ್ತು. ಪಕ್ಕದಲ್ಲಿ ಮರಳಿನ ಗುಡ್ಡೆ ಕಟ್ಟುತ್ತಿದ್ದ ಆರು ವರ್ಷದ ಹುಡುಗಿಯೊಬ್ಬಳು ಬಕೆಟು ಕೆಳಗಿಟ್ಟು, “ಅಜ್ಜೀ, ನಿಮಗೆ ಈ ಕಡೆ ಯಾಕಿಲ್ಲ?” ಎಂದಳು. ಅವಳ ತಾಯಿ ಧಾವಿಸಿ ಬಂದು ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದಳು. ಮೇಡಂ ಕಣ್ಣು ಮುಚ್ಚಿದಳು.

“ಕೇಳ್ಲಿ ಬಿಡಿ,” ಎಂದಳು ಅಳತೆಯಮ್ಮ. “ಅದು ಕೆಟ್ಟಿತ್ತು ಪುಟ್ಟೀ. ಡಾಕ್ಟ್ರು ತೆಗೆದ್ರು.”

“ನೋವಾಯ್ತಾ?”

“ತುಂಬಾ ಆಯ್ತು.”

“ಈಗ?”

“ಈಗ ಇಲ್ಲ.”

ಹುಡುಗಿ ತಲೆದೂಗಿ ಬಕೆಟು ಎತ್ತಿಕೊಂಡು ತನ್ನ ಗುಡ್ಡೆಗೆ ಮರಳಿದಳು. ಜನ ಹೇಳಬಹುದಾಗಿದ್ದೆಲ್ಲ ಅಷ್ಟರಲ್ಲಿ ಹೇಳಿ ಮುಗಿದಿತ್ತು. ಛತ್ರಿಗಳ ಕೆಳಗಿಂದ ನೋಡಿದ ಒಂದೆರಡು ಮುಖಗಳೂ ತಮ್ಮ ತಮ್ಮ ಮಾತಿಗೆ ತಿರುಗಿದವು. ಮಗಳು ದೂರದಿಂದ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹಾಕಿದಳು. ಬಡಗಿ ಮಾತ್ರ ಕಸುಬುದಾರನ ಗತ್ತಿನಲ್ಲಿ, “ಎಡಗಡೆ ಚೆನ್ನಾಗಿ ಕೂತಿದೆ,” ಎಂದ.

ಅವಳು ನೀರಿಗಿಳಿದಳು. ಪಾದಕ್ಕೆ ತಂಪು, ಮೊಣಕಾಲಿಗೆ ತಂಪು, ಹೊಟ್ಟೆಗೆ ತಾಗಿದಾಗ ಬಾಯಿಂದ ತಾನಾಗಿ ಒಂದು ಕೂಗು ಹೊರಟಿತು. ಅಲೆಯೊಂದು ಮುಖಕ್ಕೆ ಹೊಡೆದು ಬಾಯಿ ತುಂಬ ಉಪ್ಪು ಮಾಡಿತು. ಉಗಿದು, ನಕ್ಕು, ಮುಂದಕ್ಕೆ ಬಿದ್ದಳು. ಬಲಗೈ ಹಳೆಯ ಅಭ್ಯಾಸದಲ್ಲಿ ಎದ್ದಿತು. ಎಡಗೈ ಭುಜದ ಹತ್ತಿರ ಒಂದು ಕ್ಷಣ ಹಿಡಿದುಕೊಂಡಿತು. ಅವಳು ಹಲ್ಲು ಕಚ್ಚಿ ಎತ್ತಿದಳು. ಕೈ ಕಿವಿಯನ್ನು ದಾಟಿ, ತಲೆಯನ್ನು ದಾಟಿ, ಮುಂದಿನ ನೀರನ್ನು ಹಿಡಿದು ಹಿಂದಕ್ಕೆ ತಳ್ಳಿತು. ಇನ್ನೊಮ್ಮೆ. ಮತ್ತೊಮ್ಮೆ. ನಲವತ್ತು ವರ್ಷವಾದರೂ ಈಜು ಎಲ್ಲಿಗೂ ಹೋಗಿರಲಿಲ್ಲ. ಎದೆಯೊಳಗೆ ಉಕ್ಕಿದ ಸಂತೋಷಕ್ಕೆ ಅವಳಿಗೆ ಉಸಿರೇ ಸಾಲದಾಯಿತು. ಗೆದ್ದೆ, ಗೆದ್ದೆ ಎಂದು ಮನಸ್ಸು ಕೈಗಳ ಲೆಕ್ಕಕ್ಕೆ ಸರಿಯಾಗಿ ಕೂಗುತ್ತಿತ್ತು.

ಈಜುವವರು ಸುಸ್ತಾದರೆ ಹಿಡಿದುಕೊಳ್ಳಲೆಂದು ಸ್ವಲ್ಪ ದೂರದಲ್ಲಿ ಹಳದಿ ಬಣ್ಣದ ತೇಲುಗುಂಡೊಂದನ್ನು ಹಗ್ಗ ಕಟ್ಟಿ ಬಿಟ್ಟಿದ್ದರು. ಅದನ್ನು ಮುಟ್ಟಿ, ಹಗ್ಗಕ್ಕೆ ಕೈ ಹಾಕಿ ಅವಳು ಹಿಂದಿರುಗಿ ನೋಡಿದಳು. ದಡದಿಂದ ಒಂದು ತಲೆ ಅವಳ ಕಡೆಗೇ ಬರುತ್ತಿತ್ತು. ಮೇಡಂ ಈಜುವುದು ಇವತ್ತಿಗೂ ಕಪ್ಪೆಯ ಹಾಗೆಯೇ, ಗಲ್ಲ ಮೇಲಕ್ಕೆತ್ತಿ, ಬುಸುಬುಸು ಉಸಿರು ಬಿಡುತ್ತ. ಕಲ್ಲುಗಣಿಯ ಹೊಂಡದಲ್ಲಿ ಹೊಟ್ಟೆಯ ಕೆಳಗೆ ಕೈ ಕೊಟ್ಟು ಅವಳನ್ನು ತೇಲಿಸಿದ್ದವಳು ಅಕ್ಕನೇ. ಆಗ ತಂಗಿಗೆ ಏಳು ವರ್ಷ, ಹಗಲಿಡೀ ‘ಬಿಡ್ಬೇಡ, ಬಿಡ್ಬೇಡ’ ಎಂದು ಕಿರುಚಿದ್ದಳು.

ತಂಗಿ ಬಂದು ತೇಲುಗುಂಡಿನ ಆ ಬದಿಯ ಹಗ್ಗ ಹಿಡಿದಳು. ಮುಖದ ತುಂಬ ನೀರು. ಅದರಲ್ಲಿ ಸಮುದ್ರದ್ದೆಷ್ಟು, ಅವಳದ್ದೆಷ್ಟು ಎಂದು ಅಕ್ಕ ಕೇಳಲಿಲ್ಲ.

“ಬಣ್ಣ,” ಎಂದಳು ತಂಗಿ, ಏದುಸಿರಿನ ನಡುವೆ. “ಬಣ್ಣ ಚೆನ್ನಾಗಿದೆ.”

“ನಿಂಗೂ ಒಂದು ಹೊಲೀಲಾ?”

“ಹೂಂ.” ತಂಗಿ ದಡದ ಕಡೆ ನೋಡಿದಳು. “ವಾಪಸ್ ಹೋಗೋಣ್ವಾ ಅಕ್ಕಾ?”

“ತಡಿ. ಈಗಷ್ಟೇ ಬಂದಿದೀವಿ.”

ಒಂದು ಅಲೆ ಸದ್ದಿಲ್ಲದೆ ಬಂದು ಇಬ್ಬರನ್ನೂ ಎತ್ತಿತು, ಕೆಳಗಿಳಿಸಿತು, ದಡದ ಕಡೆ ಹೋಯಿತು.